ಎಸ್‌ಎಂಪಿಎಸ್ ಕೈ ಕೊಟ್ಟ ಮೇಲೆ: ಬ್ರ್ಯಾಂಡೆಡ್ಡಾ, ಅಸೆಂಬಲ್ಡಾ?

ನನ್ನ ಬಾಮೈದ ವಿಡಿಯೋ ಎಡಿಟರ್. ಅವನ ಹೊಟ್ಟೆಪಾಡು ನಡೆಯುವುದೇ ಒಂದು ಕಂಪ್ಯೂಟರಿನ ಮೇಲೆ. 2022ರ ಕೊನೆಯ ಹೊತ್ತಿಗೆ ಒಂದು ದಿನ ಬೆಳಿಗ್ಗೆಯೇ ಫೋನು. "ಭಾವ, ಬಟನ್ ಒತ್ತಿದ್ರೆ ಲೈಟೂ ಬರ್ತಿಲ್ಲ, ಫ್ಯಾನೂ ತಿರುಗ್ತಿಲ್ಲ." ಪ್ಲಗ್ಗು ನೋಡಿದ್ಯಾ ಅಂದೆ. ನೋಡಿದ್ದ. ಬೇರೆ ಸಾಕೆಟ್ಟು? ಅದೂ ಆಗಿತ್ತು. ಕೊಡಬೇಕಾದ ಕೆಲಸಕ್ಕೆ ಮೂರೇ ದಿನ ಬಾಕಿ.

ಕಂಪನಿಯವರೇ ಜೋಡಿಸಿದ ಬ್ರ್ಯಾಂಡೆಡ್ ಕಂಪ್ಯೂಟರ್ ತಗೊಳ್ಳೋದಾ, ಬಿಡಿಭಾಗ ತಂದು ಅಸೆಂಬಲ್ ಮಾಡಿಸೋದಾ ಅಂತ ಯಾರಾದರೂ ಕೇಳಿದರೆ ನಾನು ಈಗ ಬೆಲೆಯ ಮಾತಿಗೆ ಮೊದಲು ಈ ಕಥೆ ಹೇಳುತ್ತೇನೆ. ಮಷಿನ್ ಆನ್ ಆಗದ ದಿನ ಅದನ್ನು ಯಾರು ಬಿಚ್ಚಬೇಕು, ಯಾವ ಬಿಡಿಭಾಗ ಹಾಕಬೇಕು, ಅದು ಎಲ್ಲಿ ಸಿಗುತ್ತೆ? ನೀವು ಕೊಡುವ ಜಾಸ್ತಿ ದುಡ್ಡೋ, ಉಳಿಸುವ ದುಡ್ಡೋ, ಬಹುಪಾಲು ಈ ಪ್ರಶ್ನೆಯ ಬೆಲೆ. ಕೊಳ್ಳುವ ದಿನವೇ ಇದನ್ನು ಕೇಳಿಕೊಳ್ಳುವವರು ಕಡಿಮೆ. ನಾವೂ ಕೇಳಿಕೊಂಡಿರಲಿಲ್ಲ.

ಸತ್ತ ಮಷಿನ್

2017ರಲ್ಲಿ ತಗೊಂಡ ವರ್ಕ್‌ಸ್ಟೇಷನ್ ಅದು. ದೊಡ್ಡ ಹೆಸರಿನ ಕಂಪನಿಯದು, ಹೆಸರು ಇಲ್ಲಿ ಬೇಡ. ಐದು ವರ್ಷ ಒಂದು ದಿನವೂ ತಂಟೆ ಮಾಡಿರಲಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸದ್ದಿಲ್ಲ, ಬಿಸಿ ಇಲ್ಲ, ಹ್ಯಾಂಗ್ ಇಲ್ಲ. ಸೈಡ್ ಪ್ಯಾನೆಲ್ ತೆಗೆಯೋಕೆ ಸ್ಕ್ರೂಡ್ರೈವರ್ ಕೂಡ ಬೇಡ, ಒಂದು ಹಿಡಿ ಎಳೆದರೆ ಬಾಗಿಲು ಕೈಗೆ ಬರುತ್ತದೆ. ಒಳಗೆ ಒಂದು ವೈರೂ ಜೋತಾಡುತ್ತಿಲ್ಲ. ಐದು ವರ್ಷದ ಧೂಳು ಬಿಟ್ಟರೆ ಶೋರೂಮಿನಿಂದ ಈಗ ತಂದ ಹಾಗಿತ್ತು.

ನನ್ನ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿಯ ಮೇಲೆ. ಮಾಮೂಲಿ ಎಸ್‌ಎಂಪಿಎಸ್ ಆಗಿದ್ದರೆ ಪರೀಕ್ಷೆ ಸುಲಭ. ಕರೆಂಟ್ ತೆಗೆದು, 24 ಪಿನ್ನಿನ ದೊಡ್ಡ ಕನೆಕ್ಟರನ್ನು ಬೋರ್ಡಿನಿಂದ (ಎಲ್ಲ ಬಿಡಿಭಾಗ ಕೂರುವ ಮದರ್‌ಬೋರ್ಡ್) ಕಿತ್ತು, ಹಸಿರು ವೈರಿನ ಪಿನ್ನಿಗೂ ಪಕ್ಕದ ಕಪ್ಪು ವೈರಿನ ಪಿನ್ನಿಗೂ ಒಂದು ಪೇಪರ್ ಕ್ಲಿಪ್ ಬಗ್ಗಿಸಿ ಚುಚ್ಚಿ, ಆಮೇಲೆ ಸ್ವಿಚ್ ಹಾಕಿದರೆ ಅದರ ಫ್ಯಾನ್ ತಿರುಗಬೇಕು. ತಿರುಗಿತು ಅಂದರೆ ಸ್ವಲ್ಪವಾದರೂ ಜೀವ ಇದೆ ಅಂತ. ಕ್ಲಿಪ್ ಬಗ್ಗಿಸಿಕೊಂಡೇ ಹೋಗಿದ್ದೆ. ನೋಡಿದರೆ ಅಲ್ಲಿ 24 ಪಿನ್ನೇ ಇಲ್ಲ. 10 ಪಿನ್ನಿನ ಇನ್ನೇನೋ ಇದೆ, ಹಸಿರು ವೈರಿನ ಸುಳಿವಿಲ್ಲ. ಡಬ್ಬಿಯ ಆಕಾರವೂ ಬೇರೆ, ಉದ್ದಕ್ಕೆ ಸಪೂರಕ್ಕೆ. ಮನೆಯಲ್ಲಿದ್ದ ನನ್ನ ಸ್ಪೇರ್ ಎಸ್‌ಎಂಪಿಎಸ್ ಅಲ್ಲಿ ಕೂರುವ ಮಾತೇ ಇರಲಿಲ್ಲ.

ಇಂಟೆಲ್ 1995ರಲ್ಲಿ ಎಟಿಎಕ್ಸ್ ಅಂತ ಒಂದು ಅಳತೆ ಕಟ್ಟಿಕೊಟ್ಟಿತು. ಬೋರ್ಡು 305 × 244 ಮಿ.ಮೀ., ಸ್ಕ್ರೂ ತೂತು ಇಂಥಿಂಥ ಕಡೆ, ಎಸ್‌ಎಂಪಿಎಸ್‌ನ ಹಿಂಬದಿ 150 × 86 ಮಿ.ಮೀ. ಇಂಥ ಬೋರಿಂಗ್ ಅಳತೆಗಳಿಂದಾಗಿಯೇ ಒಬ್ಬರ ಕ್ಯಾಬಿನೆಟ್‌ನಲ್ಲಿ ಇನ್ನೊಬ್ಬರ ಬೋರ್ಡು, ಮತ್ತೊಬ್ಬರ ಎಸ್‌ಎಂಪಿಎಸ್ ಸಂಸಾರ ಮಾಡಿಕೊಂಡು ಹೋಗುತ್ತವೆ. ಅದಕ್ಕೂ ಹಿಂದಿನ ಬೇರು ಹುಡುಕಿದರೆ 1981ರ ಐಬಿಎಂ ಪಿಸಿ ಸಿಗುತ್ತದೆ. ಬೇಗ ಮಾರುಕಟ್ಟೆಗೆ ತರಬೇಕು ಅಂತ ಅವರು ಹೊರಗಿನವರ ಬಿಡಿಭಾಗ ಸೇರಿಸಿ ಕಟ್ಟಿದರು, ಬೇರೆಯವರು ಅದನ್ನು ನಕಲು ಮಾಡಿದರು, ಅಲ್ಲಿಂದ ಶುರುವಾಗಿದ್ದು ಈ ಅಸೆಂಬಲ್ಡ್ ಲೋಕ. ನಮ್ಮ ಬಾಮೈದನ ಮಷಿನ್ ಮಾತ್ರ ಈ ಊರಿನದ್ದೇ ಅಲ್ಲ. ಬೋರ್ಡು, ಎಸ್‌ಎಂಪಿಎಸ್, ಕ್ಯಾಬಿನೆಟ್ ಮೂರೂ ಒಂದಕ್ಕೊಂದು ಮಾತ್ರ ಹೊಂದುವಂಥವು.

ಮೂರು ವರ್ಷದ ವಾರಂಟಿ 2020ಕ್ಕೇ ಮುಗಿದಿತ್ತು. ಸರ್ವಿಸ್ ಸೆಂಟರಿನವರು ಆ ಮಾಡೆಲ್‌ನ ಎಸ್‌ಎಂಪಿಎಸ್ ಸ್ಟಾಕ್ ಇಲ್ಲ, ತರಿಸಿದರೆ ಮೂರರಿಂದ ನಾಲ್ಕು ವಾರ ಅಂದರು. ಮರ್ಯಾದೆಯಾಗಿಯೇ ಹೇಳಿದರು, ಆದರೆ ನಮಗಿದ್ದದ್ದು ಮೂರು ದಿನ.

ಡೇಟಾ ಆದರೂ ತೆಗೆಯೋಣ ಅಂತ ಫೈಲುಗಳೆಲ್ಲ ಇರುವ ಎಸ್‌ಎಸ್‌ಡಿ ಬಿಚ್ಚಿದೆವು. ಪುಣ್ಯಕ್ಕೆ ಅದೊಂದು ಮಾಮೂಲಿ ಎಂ.2 ಪಟ್ಟಿ, 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಯುಎಸ್‌ಬಿ ಎನ್‌ಕ್ಲೋಷರ್‌ಗೆ ಹಾಕಿ ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದರೆ ವಿಂಡೋಸ್‌ನಲ್ಲಿ ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಿತು. ಅವನ ಮುಖ ಬಿಳಚಿಕೊಂಡಿತು. "ಅದೇನು ಭಾವ, ನಾನು ಯಾವತ್ತೂ ಲಾಕ್ ಹಾಕೇ ಇಲ್ಲ." ಹಾಕಿದ್ದು ಅವನಲ್ಲ, ಮಷಿನ್‌ನ ಜೊತೆ ಬಂದ ವಿಂಡೋಸ್ ತಾನೇ ಹಾಕಿಕೊಂಡಿತ್ತು. ಕೀಲಿ ಅವನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಭದ್ರವಾಗಿ ಕೂತಿತ್ತು, ಆ ಅಕೌಂಟಿನ ಪಾಸ್‌ವರ್ಡ್ ನೆನಪು ಮಾಡಿಕೊಳ್ಳೋಕೆ ಅರ್ಧ ಗಂಟೆ ಹಿಡಿಯಿತು. (ಇದನ್ನು ಓದುತ್ತಿರುವವರು ಇವತ್ತೇ ಒಮ್ಮೆ ಆ ಕೀಲಿ ಎಲ್ಲಿದೆ ನೋಡಿಟ್ಟುಕೊಳ್ಳಿ, ಬ್ರ್ಯಾಂಡೆಡ್ ಇರಲಿ ಅಸೆಂಬಲ್ಡ್ ಇರಲಿ.) ಒಂದು ಎರವಲು ಲ್ಯಾಪ್‌ಟಾಪಿನಲ್ಲಿ, ಕಡಿಮೆ ರೆಸಲ್ಯೂಷನ್‌ನ ಪ್ರಾಕ್ಸಿ ಫೈಲ್ ಮಾಡಿಕೊಂಡು, ಎರಡು ರಾತ್ರಿ ನಿದ್ದೆಗೆಟ್ಟು ಕೆಲಸ ಮುಗಿಸಿ ಕೊಟ್ಟ.

ಹಳೆಯದನ್ನೇ ರಿಪೇರಿ ಮಾಡಿಸಬಹುದಿತ್ತಲ್ವಾ ಅಂತ ನೀವು ಕೇಳಬಹುದು. ಒಂದು ತಿಂಗಳು ಕಾದಿದ್ದರೆ ಆಗುತ್ತಿತ್ತು. ಆದರೆ ಅದರ ಪ್ರೊಸೆಸರ್ ಇಂಟೆಲ್‌ನ 7ನೇ ಜನರೇಷನ್ನಿನದು. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಆ ಜನರೇಷನ್ನಿನಲ್ಲಿ ಬೆರಳೆಣಿಕೆಯ ಮಾಡೆಲ್ ಬಿಟ್ಟು ಉಳಿದವನ್ನು ಒಪ್ಪುವುದಿಲ್ಲ. ವಿಂಡೋಸ್ 10ರ ಸಪೋರ್ಟ್ ಮುಗಿಯುವ ದಿನವನ್ನೂ ಆಗಲೇ ಹೇಳಿಯಾಗಿತ್ತು, 2025ರ ಅಕ್ಟೋಬರ್ 14. ಮೂರು ವರ್ಷದ ಆಯಸ್ಸಿಗೆ ಅಷ್ಟು ಒದ್ದಾಡುವುದು ಬೇಡ ಅನ್ನಿಸಿತು.

ಕಂಪನಿಯ ಪರವಾಗಿ ಒಂದು ಮಾತು

ಬಾಮೈದ ಕೋಪದಲ್ಲಿ "ಬೇಕಂತಲೇ ಹೀಗೆ ಮಾಡ್ತಾರೆ, ನಾವು ಅವರ ಹತ್ರಾನೇ ಬರ್ಲಿ ಅಂತ" ಅಂದ. ಪೂರ್ತಿ ಹಾಗಲ್ಲ. ಹಳೇ ಎಟಿಎಕ್ಸ್ ಎಸ್‌ಎಂಪಿಎಸ್ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಮೂರನ್ನೂ ತಾನೇ ತಯಾರಿಸಿ ಕಳಿಸುತ್ತದೆ. ಈಗಿನ ಕಂಪ್ಯೂಟರ್ ಬಹುಪಾಲು ತಿನ್ನುವುದು 12 ವೋಲ್ಟನ್ನೇ. ಅದೊಂದನ್ನೇ ಕಳಿಸಿ ಉಳಿದದ್ದನ್ನು ಬೋರ್ಡಿನಲ್ಲೇ ಮಾಡಿಕೊಂಡರೆ, ಮಷಿನ್ ಸುಮ್ನೆ ಕೂತಿರುವಾಗ ಪೋಲಾಗುವ ಕರೆಂಟು ಕಡಿಮೆ, ವೈರುಗಳೂ ಕಡಿಮೆ. ದೊಡ್ಡ ಕಂಪನಿಗಳು ಇದನ್ನು ತಮ್ಮ ತಮ್ಮ ರೀತಿಯಲ್ಲಿ ಮೊದಲೇ ಮಾಡಿದ್ದವು. ಆಮೇಲೆ ಇಂಟೆಲ್ ಕೂಡ ಎಟಿಎಕ್ಸ್12ವಿಒ ಅಂತ 10 ಪಿನ್ನಿನ ಒಂದು ಸ್ಟ್ಯಾಂಡರ್ಡ್ ತಂದಿತು. ಅಂದರೆ ಐಡಿಯಾ ಒಳ್ಳೆಯದೇ. ಆದರೆ ಐದನೇ ವರ್ಷ ಅಂಗಡಿಯಲ್ಲಿ ಸಿಗದ ಒಳ್ಳೆ ಐಡಿಯಾ ನಮಗೆ ಏನು ಮಾಡೀತು?

ಬ್ರ್ಯಾಂಡಿನ ಒಳಗಿರುವುದೂ ಅದೇ ಸಾಮಾನು ಅನ್ನುತ್ತಾರಲ್ಲ, ಅದು ಮುಕ್ಕಾಲು ನಿಜ. ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿಯದು. ಗ್ರಾಫಿಕ್ಸ್ ಚಿಪ್ಪು ಸಾಮಾನ್ಯವಾಗಿ ಎನ್ವಿಡಿಯಾದ್ದು. ರ್‍ಯಾಮ್ ಮೇಲೆ ಯಾವ ಸ್ಟಿಕ್ಕರ್ ಇದ್ದರೂ ಒಳಗಿನ ಚಿಪ್ಪು ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂವರಲ್ಲಿ ಒಬ್ಬರದು. ಬ್ರ್ಯಾಂಡಿನವರು ಸೇರಿಸುವುದು ಬೋರ್ಡು, ಎಸ್‌ಎಂಪಿಎಸ್, ಗಾಳಿಯ ದಾರಿ, ಟೆಸ್ಟಿಂಗ್, ಆಮೇಲೆ ವಾರಂಟಿ. ಆ್ಯಪಲ್ ಒಂದು ಬೇರೆ ಜಾತಿ, ಚಿಪ್ಪೂ ಅವರದೇ ಡಿಸೈನ್.

ಮೂರು ದಾರಿ

ಮುಂದೇನು ಅಂತ ಕೂತಾಗ ಎದುರಿಗಿದ್ದದ್ದು ಮೂರು. ಮತ್ತೆ ಅದೇ ಥರದ ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಸಮೇತ. ಇಲ್ಲಾಂದ್ರೆ ಮ್ಯಾಕ್. ಇಲ್ಲಾಂದ್ರೆ ನಾವೇ ಕಟ್ಟುವುದು.

ಮ್ಯಾಕ್ ಬಗ್ಗೆ ಅವನಿಗೆ ಆಸೆ ಇತ್ತು, ನನಗೂ ಅದು ತಪ್ಪು ಅನ್ನಿಸಿರಲಿಲ್ಲ. 2020ರ ನವೆಂಬರ್‌ನಲ್ಲಿ ಎಂ1 ಚಿಪ್ಪು ಬಂದ ಮೇಲೆ ವಿಡಿಯೋ ಕೆಲಸದವರು ಗುಂಪು ಗುಂಪಾಗಿ ಆ ಕಡೆ ಹೋಗಿದ್ದಾರೆ, ಸುಮ್ನೆ ಫ್ಯಾಷನ್ನಿಗೆ ಹೋಗಿದ್ದಲ್ಲ. ಎಂ1 ಮ್ಯಾಕ್ ಮಿನಿ ಕೆಲಸವಿಲ್ಲದೆ ಕೂತಾಗ 7 ವ್ಯಾಟ್ ಸುಮಾರಿಗೆ ಬದುಕುತ್ತದೆ, ರಾತ್ರಿ ದೀಪದ ಬಲ್ಬಿನಷ್ಟು. ಸದ್ದು ಕೇಳೋದೇ ಇಲ್ಲ. ಆದರೆ ರ್‍ಯಾಮ್ ಪ್ರೊಸೆಸರಿನ ಪ್ಯಾಕೇಜಿಗೇ ಅಂಟಿಕೊಂಡಿರುತ್ತದೆ. ಕೊಳ್ಳುವ ದಿನ ಎಷ್ಟು ಆರಿಸಿದಿರೋ ಅದೇ ಕೊನೆತನಕ. ಇವನ ಹಳೇ ಮಷಿನ್ 16 ಜಿಬಿಯಿಂದ ಶುರುವಾಗಿ ಐದು ವರ್ಷದಲ್ಲಿ 64ಕ್ಕೆ ಬಂದು ನಿಂತಿತ್ತು, ಮೊದಲ ದಿನವೇ 64 ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಅದಕ್ಕಿಂತ ದೊಡ್ಡ ತೊಡಕು, ಎಡಿಟಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಂಡು ಅವನು ದಿನಾ ಬಳಸುವ ಎರಡು ಪ್ಲಗಿನ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿದ್ದವು. ಈ ಪ್ಲಗಿನ್ ಗೋಳು ಇಲ್ಲದಿದ್ದರೆ ನಾನು ಮ್ಯಾಕ್ ತಗೋ ಅಂತಲೇ ಹೇಳುತ್ತಿದ್ದೆ, ಈ ಬರಹವೂ ಇಲ್ಲಿಗೇ ಮುಗಿಯುತ್ತಿತ್ತು.

ಉಳಿದದ್ದು ಎರಡು. ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್ನಿನ ಬೆಲೆಯನ್ನು 100 ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆವು. ಅದೇ ಶಕ್ತಿಯ ಬಿಡಿಭಾಗಗಳು 64ಕ್ಕೆ ಬಂದವು. ಬಾಮೈದ ಕುಣಿದಾಡಿದ. ತಡೀ ಅಂದೆ. ವಿಂಡೋಸ್ ಲೈಸೆನ್ಸ್ ಸೇರಿಸಿದ್ದೀಯಾ? ಬ್ರ್ಯಾಂಡೆಡ್ ಮಷಿನ್‌ನಲ್ಲಿ ಅದು ಬಂದಿರುತ್ತದೆ, ಆದರೆ ಆ ಬೋರ್ಡಿಗೇ ಗಂಟು ಹಾಕಿಕೊಂಡು ಬಂದಿರುತ್ತದೆ, ಹಳೆಯದರಿಂದ ಕಿತ್ತು ಹೊಸದಕ್ಕೆ ಹಾಕೋಕಾಗಲ್ಲ. ಅದು, ಒಂದು ಒಳ್ಳೆ ಕೂಲರ್, ವೈಫೈ ಇರುವ ಬೋರ್ಡು, ಎಲ್ಲ ಸೇರಿ 73 ಆಯಿತು, ಅಂದರೆ ಉಳಿತಾಯ 27. ನೆಟ್‌ನಲ್ಲಿ ಅರ್ಧ ಬೆಲೆಗೆ ಕಟ್ಟಿದೆ ಅನ್ನುವವರು ಇವನ್ನೆಲ್ಲ ಲೆಕ್ಕದಿಂದ ಬಿಟ್ಟಿರುತ್ತಾರೆ, ನಾನೂ ಹಿಂದೆ ಬಿಟ್ಟಿದ್ದೇನೆ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬ್ರ್ಯಾಂಡಿನ ಬೇಸ್ ಮಾಡೆಲ್ ಬೆಲೆ ಅಷ್ಟೇನೂ ಅನ್ಯಾಯ ಅಲ್ಲ. ಕತ್ತರಿ ಹಾಕುವುದು ಆಪ್ಷನ್ನುಗಳಲ್ಲಿ. 16 ಜಿಬಿ ಬದಲು 64 ಜಿಬಿ ಅಂತ ಟಿಕ್ ಮಾಡಿದ ತಕ್ಷಣ, ಅಂಗಡಿಯಲ್ಲಿ ಅದೇ ರ್‍ಯಾಮಿಗೆ ಕೊಡುವ ದುಡ್ಡಿನ ಎರಡು ಪಟ್ಟಿಗಿಂತ ಜಾಸ್ತಿ ಏರಿತು. ಹಾಗಾಗಿ ಬ್ರ್ಯಾಂಡೆಡ್ಡೇ ಬೇಕು ಅನ್ನುವವರು ಕಡಿಮೆ ರ್‍ಯಾಮಿನದು ತಗೊಂಡು, ಸ್ಲಾಟ್ ಖಾಲಿ ಇದೆಯಾ ನೋಡಿಕೊಂಡು, ಉಳಿದದ್ದು ತಾವೇ ಹಾಕಿಕೊಂಡರೆ ದುಡ್ಡೂ ಉಳಿಯುತ್ತೆ. ಎಷ್ಟೋ ರೆಡಿಮೇಡ್ ಮಷಿನ್‌ನಲ್ಲಿ ಒಂದೇ ರ್‍ಯಾಮ್ ಕಡ್ಡಿ ಹಾಕಿ ಕೊಟ್ಟಿರುತ್ತಾರೆ. ಅದಕ್ಕೆ ಜೋಡಿ ಹಾಕಿದರೆ ಡ್ಯುಯಲ್ ಚಾನೆಲ್ ಆಗಿ ಸ್ಪೀಡೂ ಸುಧಾರಿಸುತ್ತದೆ.

ಅಸೆಂಬಲ್ಡ್ ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು. ಒಂದು ವರ್ಷ ಹಿಂದೆ, 2021ರಲ್ಲಿ, ಇದೇ ಲೆಕ್ಕ ಹಾಕಿದ್ದರೆ ಉಲ್ಟಾ ಬರುತ್ತಿತ್ತೇನೋ. ಚಿಪ್ಪಿನ ಬರ ಒಂದು ಕಡೆ, ಗ್ರಾಫಿಕ್ಸ್ ಕಾರ್ಡುಗಳಿಂದ ಮಾಡುವ ಕ್ರಿಪ್ಟೋ ಮೈನಿಂಗ್ ಇನ್ನೊಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಸಿಗಬೇಕಾದರೆ ರೆಡಿಮೇಡ್ ಮಷಿನ್ ಪೂರ್ತಿ ಕೊಳ್ಳುವುದೇ ವಾಸಿ ಅನ್ನುವ ಕಾಲ ಅದು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೋ ಮೈನಿಂಗ್ ಬಿಟ್ಟು ಬೇರೆ ಪದ್ಧತಿಗೆ ಹೋಯಿತು, ಕಾರ್ಡುಗಳು ಮತ್ತೆ ಮನುಷ್ಯರ ಕೈಗೆ ಸಿಕ್ಕವು. ನಮ್ಮ ಮಷಿನ್ ಸತ್ತ ಹೊತ್ತು ಚೆನ್ನಾಗಿತ್ತು ಅಷ್ಟೇ.

ಒಂದು ಅಕ್ಷರದ ವಿಷಯ

ನಾನು ಅಸೆಂಬಲ್ಡ್ ಕಡೆ ವಾಲಿದ್ದು ಆ 27ಕ್ಕೆ ಅಲ್ಲ. ಅವನ ಕ್ಯಾಮೆರಾಕ್ಕೆ.

ಅವನ ಕ್ಯಾಮೆರಾ ಶೂಟ್ ಮಾಡುವುದು 10 ಬಿಟ್, 4:2:2, ಎಚ್‌ಇವಿಸಿ ಅನ್ನುವ ಒತ್ತಿ ಸಣ್ಣದು ಮಾಡಿಟ್ಟ ವಿಡಿಯೋ. ಅಂದರೆ ಬಣ್ಣದ ಮಾಹಿತಿ ಮಾಮೂಲಿ ಫೋನ್ ವಿಡಿಯೋಗಿಂತ ಎರಡರಷ್ಟು ಇರುತ್ತದೆ. ಕಲರ್ ಗ್ರೇಡಿಂಗ್‌ಗೆ ಹಬ್ಬ, ಕಂಪ್ಯೂಟರಿಗೆ ತಲೆನೋವು. ಇದನ್ನು ಹಾರ್ಡ್‌ವೇರಿನಲ್ಲೇ ಬಿಡಿಸುವ ತಾಕತ್ತು ಆಗಿನ ಎನ್ವಿಡಿಯಾ ಕಾರ್ಡುಗಳಲ್ಲಿ ಇರಲಿಲ್ಲ. ತಮಾಷೆ ಅಂದರೆ ಬಣ್ಣ ಕಡಿಮೆ ಇರುವ 4:2:0 ಬಿಡಿಸುತ್ತಿದ್ದವು, ಪೂರ್ತಿ ಬಣ್ಣದ 4:4:4 ಕೂಡ ಬಿಡಿಸುತ್ತಿದ್ದವು, ನಡುವಿನ 4:2:2 ಮಾತ್ರ ಇಲ್ಲ. ಆದರೆ ಇಂಟೆಲ್‌ನ 11ನೇ ಜನರೇಷನ್ನಿನಿಂದ ಈಚೆಗೆ ಪ್ರೊಸೆಸರಿನ ಒಳಗೇ ಇರುವ ಸಣ್ಣ ಗ್ರಾಫಿಕ್ಸ್ ಭಾಗಕ್ಕೆ ಈ ವಿದ್ಯೆ ಬರುತ್ತದೆ. ಕ್ವಿಕ್ ಸಿಂಕ್ ಅಂತ ಅದರ ಹೆಸರು. ಎಲ್ಲರೂ ಬಡಪಾಯಿ ಅಂತ ಮೂಲೆಗೆ ತಳ್ಳುವ ಆ ಸಣ್ಣ ಗ್ರಾಫಿಕ್ಸು, ಈ ಒಂದು ಕೆಲಸದಲ್ಲಿ ಆನೆಯಂಥ ಕಾರ್ಡನ್ನು ಮೀರಿಸುತ್ತದೆ.

ಈಗ ನೋಡಿ. ನಮ್ಮ ಬಜೆಟ್ಟಿನೊಳಗೆ ಬರುತ್ತಿದ್ದ ಬ್ರ್ಯಾಂಡೆಡ್ ಮಷಿನ್‌ನ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಒಂದು 'ಎಫ್' ಇತ್ತು. ಎಫ್ ಇದ್ದರೆ ಆ ಸಣ್ಣ ಗ್ರಾಫಿಕ್ಸ್ ಇಲ್ಲ ಅಂತ. ದೊಡ್ಡ ಕಾರ್ಡ್ ಹೇಗೂ ಇದೆಯಲ್ಲ, ಇದ್ಯಾಕೆ ಅಂತ ಕಂಪನಿ ಉಳಿತಾಯ ಮಾಡಿದೆ. ಗೇಮ್ ಆಡುವವರಿಗೆ ಅದು ಸರಿಯಾದ ಉಳಿತಾಯ. ನಮ್ಮವನಿಗೆ ಅದೊಂದು ಅಕ್ಷರದಿಂದ ಟೈಮ್‌ಲೈನ್ ತೆವಳುತ್ತಿತ್ತು. ಎಫ್ ಇಲ್ಲದ ಪ್ರೊಸೆಸರ್ ಕೊಡಿ ಅಂದರೆ ಅದರ ಮೇಲಿನ ಮಾಡೆಲ್‌ಗೆ ಹೋಗಬೇಕಿತ್ತು, ಅಲ್ಲಿ ಬೇಡದ ಇನ್ನೇನೇನೋ ಸೇರಿ 100 ಹೋಗಿ 130 ಆಗುತ್ತಿತ್ತು. ನಾವೇ ಕಟ್ಟಿದರೆ ಎಫ್ ಇಲ್ಲದ ಪ್ರೊಸೆಸರಿಗೆ ಕೊಡಬೇಕಾದ್ದು ಅಂಗಡಿಯಲ್ಲಿ ಎರಡರ ನಡುವಿನ ಸಣ್ಣ ವ್ಯತ್ಯಾಸ ಮಾತ್ರ.

ನಿಮ್ಮ ಕೆಲಸದಲ್ಲಿ ಇಂಥ ಒಂದು 'ಎಫ್' ಇದೆಯಾ ಅಂತ ನಿಮಗೆ ಗೊತ್ತಿದ್ದರೆ ಅಸೆಂಬಲ್ಡ್‌ನಲ್ಲಿ ಅರ್ಥ ಇದೆ. ಗೊತ್ತಿಲ್ಲದೆ ಸುಮ್ನೆ ದುಡ್ಡು ಉಳಿಸೋಕೆ ಅಂತ ಕಟ್ಟಿದರೆ, ಆ ಉಳಿತಾಯ ಎಲ್ಲಿ ಹೋಗುತ್ತೆ ಅಂತ ಮುಂದೆ ಬರುತ್ತೆ.

ಕಟ್ಟಿದ ದಿನ

12ನೇ ಜನರೇಷನ್ ಇಂಟೆಲ್, ಡಿಡಿಆರ್5 ರ್‍ಯಾಮ್ 32ರ ಎರಡು ಕಡ್ಡಿ, 650 ವ್ಯಾಟ್ ಎಸ್‌ಎಂಪಿಎಸ್. ಹಳೇ ಕ್ಯಾಬಿನೆಟ್ ಅಷ್ಟು ಚೆಂದ ಇದೆ, ಅದನ್ನೇ ಬಳಸೋಣ ಅಂತ ಬಾಮೈದ ಹಟ ಹಿಡಿದ. ಸ್ಕೇಲ್ ಹಿಡಿದು ತೋರಿಸಿದೆ. ಸ್ಕ್ರೂ ತೂತುಗಳೇ ಬೇರೆ ಜಾಗದಲ್ಲಿದ್ದವು, ಪವರ್ ಬಟನ್ನಿನ ವೈರೂ ಕಂಪನಿಯ ಸ್ವಂತ ಕನೆಕ್ಟರಿನದು. ಹೊಸ ಕ್ಯಾಬಿನೆಟ್ ಬಂತು.

ಡೈನಿಂಗ್ ಟೇಬಲ್ ಮೇಲೆ ಎಲ್ಲ ಹರಡಿಕೊಂಡು ಕೂತೆವು. ಕೈ ನಡುಗುವುದು ಒಂದೇ ಕಡೆ, ಪ್ರೊಸೆಸರ್ ಕೂರಿಸುವಾಗ. ಸಾಕೆಟ್ಟಿನಲ್ಲಿ 1700 ಪಿನ್ನು, ಒಂದೊಂದೂ ಕೂದಲಿನಷ್ಟು. ಪ್ರೊಸೆಸರ್ ಇಟ್ಟು ಲಿವರ್ ಕೆಳಗೆ ಒತ್ತುವಾಗ ಕಿರ್ರ್ ಅಂತ ಸದ್ದು ಬರುತ್ತದೆ, ಏನೋ ಮುರಿದೇ ಹೋಯಿತು ಅನ್ನುವ ಹಾಗೆ. ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಪ್ ಅಂತ ಹಾರಿ ಬಂತು, ಬಾಮೈದ ಕುರ್ಚಿಯಿಂದ ಅರ್ಧ ಎದ್ದ. ಅದು ಹಾಗೇ ಹಾರಬೇಕು. ಉಳಿದದ್ದೆಲ್ಲ ಮಕ್ಕಳ ಆಟ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತೆಯಾ ಅಂತ ಮೂರು ಸಲ ಕೇಳಿದೆ, ಯಾಕೆಂದರೆ ಹಿಂದೊಮ್ಮೆ ನಾನೇ ಕೀಳದೆ ಹಾಕಿದ್ದೆ. ಒಳಗಿಂದ ನನ್ನ ಹೆಂಡತಿಯ ದನಿ, "ರೀ, ಆ ಟೇಬಲ್ ಯಾವಾಗ ಬಿಟ್ಟುಕೊಡ್ತೀರಿ?"

ಸಂಜೆ ಸ್ವಿಚ್ ಹಾಕಿದೆವು. ಫ್ಯಾನ್ ತಿರುಗಿತು, ಡಿಸ್‌ಪ್ಲೇ ಬರಲಿಲ್ಲ. ಬೋರ್ಡಿನ ಮೂಲೆಯಲ್ಲಿ ರ್‍ಯಾಮ್ ಪಕ್ಕದ ಸಣ್ಣ ಲೈಟು ಉರಿಯುತ್ತಲೇ ಇತ್ತು. ಒಂದು ನಿಮಿಷ. ಎರಡು. ಬಾಮೈದನ ಕೈ ಪವರ್ ಬಟನ್ ಕಡೆ ಹೋಯಿತು, ಹಿಡಿದುಕೊಂಡೆ. ಡಿಡಿಆರ್5 ಮೊದಲ ಸಲ ಆನ್ ಮಾಡಿದಾಗ ಬೋರ್ಡು ರ್‍ಯಾಮನ್ನು ಪಳಗಿಸಿಕೊಳ್ಳುತ್ತದೆ, ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ, ಆಗ ಪರದೆ ಕಪ್ಪಗೇ ಇರುತ್ತದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಎದೆ ಢವಢವ. ಮೂರೂವರೆ ನಿಮಿಷಕ್ಕೆ ಬಯಾಸ್ (ಮಷಿನ್ ಆನ್ ಆದಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಕಾಣಿಸಿತು, ಇಬ್ಬರೂ ಕೂಗಿದೆವು.

ಆರನೇ ದಿನ

ಆರನೇ ದಿನ ಒಂದು ಎಕ್ಸ್‌ಪೋರ್ಟ್ ಮುಕ್ಕಾಲು ಮುಗಿದಾಗ ನೀಲಿ ಪರದೆ, ವಿಂಡೋಸ್ ಕುಸಿದುಬಿದ್ದಾಗ ಬರುವುದು. ಎರಡು ದಿನ ಬಿಟ್ಟು ಮತ್ತೆ. ಪ್ರತಿ ಸಲವೂ ಬೇರೆ ಬೇರೆ ಎರರ್. ಆಮೇಲೆ ನಾಲ್ಕು ದಿನ ಏನೂ ಇಲ್ಲ, ಸರಿಹೋಯಿತು ಅಂದುಕೊಂಡ ರಾತ್ರಿ ಮತ್ತೆ.

ನಾನು ಮೊದಲು ಗ್ರಾಫಿಕ್ಸ್ ಡ್ರೈವರನ್ನು ಬೈದೆ. ಬದಲಿಸಿದೆ, ಆಗಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರನ್ನು ಬೈದೆ. ಒಂದು ಇಡೀ ಶನಿವಾರ ಕೂತು ವಿಂಡೋಸ್ ಹೊಸದಾಗಿ ಹಾಕಿದೆ. ಆಗಲಿಲ್ಲ. ಆಮೇಲೆ ನನ್ನ ಮೇಲೇ ಅನುಮಾನ ಬಂತು. ರ್‍ಯಾಮ್ ಡಬ್ಬಿಯ ಮೇಲೆ 5600 ಅಂತ ಇದ್ದರೂ ಸುಮ್ನೆ ಹಾಕಿದರೆ ಅದು 4800ರಲ್ಲೇ ಓಡುತ್ತದೆ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿದರೆ ಮಾತ್ರ ಹೇಳಿದ ಸ್ಪೀಡು. 12ನೇ ಜನರೇಷನ್ನಿಗೆ ಇಂಟೆಲ್ ಅಧಿಕೃತವಾಗಿ ಒಪ್ಪುವುದು 4800ನ್ನೇ, ಅದಕ್ಕಿಂತ ಮೇಲೆ ಹೋದರೆ ಓವರ್‌ಕ್ಲಾಕ್ ಲೆಕ್ಕ. ನಾನು ಜಂಬದಿಂದ ಆನ್ ಮಾಡಿದ್ದೆ. ಆಫ್ ಮಾಡಿದೆ. ಎರಡೇ ದಿನಕ್ಕೆ ಮತ್ತೆ ನೀಲಿ.

ಕೊನೆಗೆ ಪೆನ್‌ಡ್ರೈವ್‌ನಲ್ಲಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಅವನು ಪರದೆಯ ಫೋಟೋ ಕಳಿಸಿದ. ಕೆಂಪು ಸಾಲುಗಳು. ಒಂದೊಂದೇ ಕಡ್ಡಿ ಹಾಕಿ ನೋಡಿದಾಗ ಒಂದು ಕಡ್ಡಿಯಲ್ಲಿ ಮಾತ್ರ, ಅದೂ ಟೆಸ್ಟು ಕೆಲವು ಗಂಟೆ ಓಡಿದ ಮೇಲೆ ಮಾತ್ರ ಎರರ್. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಟೆಸ್ಟನ್ನು ಎಲ್ಲ ಆದ ಮೇಲೆ ಮಾಡಿದ್ದೆ. ನನ್ನದೇ ತಪ್ಪು. ಜೋಡಿ ಕಿಟ್ ಆದ್ದರಿಂದ ಎರಡೂ ಕಡ್ಡಿ ಕಳಿಸಬೇಕಾಯಿತು. ಬದಲಿ ಬರಲು 16 ದಿನ. ಅಷ್ಟೂ ದಿನ ಎಲ್ಲಿಂದಲೋ ತಂದ ಒಂದು 16 ಜಿಬಿ ಕಡ್ಡಿಯಲ್ಲಿ ಅವನು ಏಗಿದ.

ನಾನು ಒಂದು ಚೀಟಿಯಲ್ಲಿ ಗಂಟೆಗಳನ್ನು ಬರೆದಿಟ್ಟುಕೊಂಡಿದ್ದೆ. ಏನು ಕೊಳ್ಳಬೇಕು ಅಂತ ಓದೋಕೆ ಮತ್ತು ಜಗಳ ಆಡೋಕೆ 9. ಕಟ್ಟೋಕೆ 5. ವಿಂಡೋಸ್, ಡ್ರೈವರ್, ಬಯಾಸ್ ಅಪ್‌ಡೇಟಿಗೆ 4. ರ್‍ಯಾಮ್ ಭೂತ ಹಿಡಿಯೋಕೆ 13. ಒಟ್ಟು 31 ಗಂಟೆ ನನ್ನವು, ಅವನ ಹಾಳಾದ ಎಕ್ಸ್‌ಪೋರ್ಟುಗಳು ಬೇರೆ. ಆ 27ರ ಉಳಿತಾಯವನ್ನು ಈ 31 ಗಂಟೆಗೆ ಹಂಚಿ ನೋಡಿದೆ. ಬಾಮೈದನ ಎಡಿಟಿಂಗ್ ರೇಟಿಗಿಂತ ಕಡಿಮೆ ಬಂತು. ನಾನು ಬಿಟ್ಟಿ ಸಿಕ್ಕ ಭಾವ ಆದ್ದರಿಂದ ಲೆಕ್ಕ ಸರಿಹೋಯಿತು.

ಬ್ರ್ಯಾಂಡೆಡ್ ಆಗಿದ್ದರೆ ಇದು ಆಗುತ್ತಲೇ ಇರಲಿಲ್ಲವಾ? ಕಳಿಸುವ ಮೊದಲು ಅವರು ಮಷಿನ್ ಓಡಿಸಿ ನೋಡುತ್ತಾರೆ, ಅಲ್ಲೇ ಸಿಕ್ಕಿಬೀಳುವ ಸಾಧ್ಯತೆ ಇತ್ತು. ಸಿಗದಿದ್ದರೂ ಒಂದು ಫೋನ್ ಮಾಡಿ ಕೂರಬಹುದಿತ್ತು. ಆದರೆ ಬಂದು ಹೋಗುವ ಕಾಯಿಲೆ ಯಾರಿಗೂ ಸುಲಭ ಅಲ್ಲ. ಹತ್ತು ನಿಮಿಷದ ಟೆಸ್ಟ್ ಓಡಿಸಿ, ಎಲ್ಲ ಸರಿ ಇದೆ ಸಾರ್ ಅಂತ ಹೇಳಿ ಹೋಗುವುದನ್ನೂ ನಾನು ಕಂಡಿದ್ದೇನೆ. ವಾರಂಟಿ ಅಂದರೆ ಬೇರೆಯವರು ಬಂದು ಹುಡುಕುತ್ತಾರೆ ಅಂತ. ಹುಡುಕಿಯೇ ಕೊಡುತ್ತಾರೆ ಅಂತ ಅಲ್ಲ.

ಮಾವನ ಮಷಿನ್

ಇಷ್ಟೆಲ್ಲ ನಡೆಯುತ್ತಿರುವಾಗಲೇ ಮಾವನವರು, "ನನಗೂ ಒಂದು ಹೀಗೇ ಕಟ್ಟಿಕೊಡಿ" ಅಂದರು. ಅವರಿಗೆ ಬೇಕಾದ್ದು ಲೆಕ್ಕ ಬರೆಯೋದು, ಪೇಪರ್ ಓದೋದು, ಮೊಮ್ಮಕ್ಕಳ ವಿಡಿಯೋ ಕಾಲ್. ಕೈ ಮುಗಿದೆ. ಕೈಯಗಲದ ಒಂದು ಬ್ರ್ಯಾಂಡೆಡ್ ಮಿನಿ ಪಿಸಿ, ಬಿಸಿನೆಸ್ ಸೀರೀಸಿನದು, ಮೂರು ವರ್ಷದ ವಾರಂಟಿ ಇರುವುದು ತರಿಸಿಕೊಟ್ಟೆ. ಅಂಥ ಸಣ್ಣ ಮಷಿನ್‌ನಲ್ಲಿ ಬಿಡಿಭಾಗದಿಂದ ಉಳಿಯುವುದು ಅಷ್ಟಕ್ಕಷ್ಟೇ. ಮತ್ತೆ ಅವರು ಫೋನ್ ಮಾಡಬೇಕಾದ್ದು ವಾರಂಟಿ ನಂಬರಿಗೆ, ನನಗಲ್ಲ. ಬಿಸಿನೆಸ್ ಸೀರೀಸ್ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆ ಮಷಿನ್‌ಗಳಿಗೆ ಸರಿಯಾದ ಸರ್ವಿಸ್ ಮ್ಯಾನ್ಯುಯಲ್ ಇರುತ್ತದೆ. ಆಫೀಸುಗಳು ಸಾವಿರಗಟ್ಟಲೆ ಕೊಂಡು ಕೆಲವು ವರ್ಷ ಬಿಟ್ಟು ಮಾರುವುದರಿಂದ ಹಳೇ ಬಿಡಿಭಾಗವೂ ಸಿಗುತ್ತದೆ. ಬ್ರ್ಯಾಂಡೆಡ್ ಒಳಗೂ ಜಾತಿಗಳಿವೆ, ಮಿಂಚುವುದೆಲ್ಲ ಪ್ರೀಮಿಯಂ ಅಲ್ಲ.

ಆಮೇಲೆ

ಬದಲಿ ರ್‍ಯಾಮ್ ಬಂದ ಮೇಲೆ ಆ ಮಷಿನ್ ಮತ್ತೆ ನೀಲಿಗಟ್ಟಿಲ್ಲ. ಎರಡನೇ ವರ್ಷ ಒಂದು ಕ್ಯಾಬಿನೆಟ್ ಫ್ಯಾನ್ ಗರಗರ ಅಂದಾಗ ಬಾಮೈದ ತಾನೇ 120 ಮಿ.ಮೀ. ಫ್ಯಾನ್ ತಂದು ಹಾಕಿಕೊಂಡ. ಇನ್ನೊಂದು ಎಸ್‌ಎಸ್‌ಡಿ ಸೇರಿಸಿದ. ಅದೇ ಸಾಕೆಟ್ಟಿಗೆ 13, 14ನೇ ಜನರೇಷನ್ ಪ್ರೊಸೆಸರೂ ಕೂರುತ್ತದೆ ಅಂತ ಆಸೆಪಟ್ಟು ನೋಡುತ್ತಿದ್ದ. ಅಷ್ಟರಲ್ಲಿ 2024ರಲ್ಲಿ ಆ ಎರಡು ಜನರೇಷನ್ನಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ವೋಲ್ಟೇಜ್ ರಗಳೆ ಹೊರಗೆ ಬಂತು. ಇಂಟೆಲ್ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸಣ್ಣ ಸಾಫ್ಟ್‌ವೇರ್) ಕೊಟ್ಟಿತು, ಬಾಕ್ಸ್ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ಮೈಕ್ರೋಕೋಡ್ ಬರುವುದು ಬಯಾಸ್ ಅಪ್‌ಡೇಟಿನಲ್ಲಿ. ಸ್ವಂತ ಕಟ್ಟಿಕೊಂಡವರು ಸುದ್ದಿ ತಿಳಿದುಕೊಂಡು, ಬೋರ್ಡ್ ಕಂಪನಿಯ ಸೈಟಿಗೆ ಹೋಗಿ, ತಾವೇ ಹಾಕಿಕೊಳ್ಳಬೇಕು. ಮನೆಮಂದಿಗೆಲ್ಲ ಮಷಿನ್ ಕಟ್ಟಿಕೊಟ್ಟ ನನ್ನಂಥವರು ಆ ತಿಂಗಳು ಯಾರ್‍ಯಾರ ಮನೆಯಲ್ಲಿ ಯಾವ ಪ್ರೊಸೆಸರ್ ಇದೆ ಅಂತ ಪಟ್ಟಿ ಹಿಡಿದು ಕೂತಿದ್ದೆವು.

2025ರಲ್ಲಿ ಎನ್ವಿಡಿಯಾದ 50 ಸೀರೀಸ್ ಬಂತು, ಅದಕ್ಕೆ ಕೊನೆಗೂ 4:2:2 ಬಿಡಿಸುವ ವಿದ್ಯೆ ಬಂದಿತ್ತು. ಬಾಮೈದ ಕಾರ್ಡ್ ಬುಕ್ ಮಾಡಿಯೇ ಬಿಟ್ಟ. ಅದಕ್ಕೆ 16 ಪಿನ್ನಿನ ಹೊಸ ಕನೆಕ್ಟರ್, ಕರೆಂಟೂ ಜಾಸ್ತಿ, ಹಾಗಾಗಿ 850 ವ್ಯಾಟ್ ಎಸ್‌ಎಂಪಿಎಸ್ ಕೂಡ ಬಂತು. ಒಂದು ಅಪಾಯ ಇಲ್ಲಿದೆ. ಮಾಡ್ಯುಲರ್ ಎಸ್‌ಎಂಪಿಎಸ್‌ನಲ್ಲಿ ಕೇಬಲ್ಲಿನ ಎರಡೂ ತುದಿ ಕೀಳೋಕೆ ಬರುತ್ತದೆ. ಬೋರ್ಡಿನ ಕಡೆಯ ತುದಿ ಎಲ್ಲ ಕಂಪನಿಯದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಸ್ಟ್ಯಾಂಡರ್ಡೇ ಇಲ್ಲ. ನೋಡೋಕೆ ಒಂದೇ ಥರ, ಚುಚ್ಚಿದರೆ ಕೂರುತ್ತದೆ, ಆದರೆ 5 ವೋಲ್ಟ್ ಬರಬೇಕಾದ ಪಿನ್ನಿಗೆ 12 ಬಂದು ಡ್ರೈವ್ ಸುಟ್ಟುಹೋಗಬಹುದು. ಹಳೇ ಕೇಬಲ್ ಹೇಗೂ ಒಳಗೇ ನೀಟಾಗಿ ಕಟ್ಟಿದೆ, ಡಬ್ಬಿ ಮಾತ್ರ ಬದಲಿಸೋಣ ಅಂತ ಹೊರಟು ಎಷ್ಟೋ ಜನ ಕೈ ಸುಟ್ಟುಕೊಂಡಿದ್ದಾರೆ. ಇದನ್ನು ಅವನಿಗೆ ನಾನು ಹೇಳಿದ್ದು ಮೂರು ವರ್ಷದ ಹಿಂದೆ, ಕಟ್ಟಿದ ದಿನ, ಅದೂ ಒಂದೇ ಸಲ.

ಒಂದು ಭಾನುವಾರ ರಾತ್ರಿ ಫೋಟೋ ಬಂತು. ಹೊಸ ಕಾರ್ಡ್ ಕೂತಿದೆ, ಪರದೆಯಲ್ಲಿ ಟೈಮ್‌ಲೈನ್ ಓಡುತ್ತಿದೆ. ಟೇಬಲ್ ಮೇಲೆ ಒಂದು ಪ್ಲಾಸ್ಟಿಕ್ ಚೀಲದ ತುಂಬ ಹಳೇ ಕೇಬಲ್ಲುಗಳು, ಚೀಲಕ್ಕೆ ಅಂಟಿಸಿದ ಚೀಟಿಯಲ್ಲಿ ಹಳೇ ಎಸ್‌ಎಂಪಿಎಸ್‌ನ ಮಾಡೆಲ್ ನಂಬರ್, ಕೆಳಗೆ "ಬೇರೆ ಯಾವುದಕ್ಕೂ ಚುಚ್ಚಬಾರದು". ಜೊತೆಗೊಂದು ಮೆಸೇಜು: "ಒಂದೂ ಬಿಡದೆ ಕಿತ್ತೆ ಭಾವ. ಎರಡು ಗಂಟೆ ಆಯ್ತು." ಫೋಟೋದ ಮೂಲೆಯಲ್ಲಿ 2017ರ ಆ ಚೆಂದದ ಕ್ಯಾಬಿನೆಟ್ ಅಡ್ಡ ಮಲಗಿತ್ತು, ಅದರ ಮೇಲೆ ಪ್ರಿಂಟರ್ ಕೂತಿತ್ತು.